ತಂಗಿಯ ಹನ್ನೆರಡು ಪದಗಳು

ನನ್ನ ತಂಗಿಗೆ ಬಿಟ್‌ಕಾಯಿನ್ ಬೇಕಾದದ್ದು ಸಾಹುಕಾರ್ತಿಯಾಗಲು ಅಲ್ಲ. ಮೂಡಲಗಿಯ ಅವಳ ಮನೆಯಲ್ಲಿ ಪಾಸ್‌ಬುಕ್ ಗಂಡನ ಕೈಯಲ್ಲಿ, ಗಂಡ ತನ್ನ ಅಣ್ಣನ ಕೈಯಲ್ಲಿ. ಜಂಪರ್ ಹೊಲಿದು ಗಳಿಸಿದ್ದನ್ನು ಅವರ ಕಣ್ಣಿಗೆ ಬೀಳದಂತೆ ಕೂಡಿಟ್ಟು ಸ್ವಂತ ಟೇಲರಿಂಗ್ ಅಂಗಡಿ ಹಾಕಬೇಕೆಂದು ಅವಳು ಹಟ ಹಿಡಿದಿದ್ದಳು. ನನ್ನ ಖಾತೆಯಲ್ಲಿ ಇಡುತ್ತೇನೆ ಅಂದೆ.

“ನಿನ್ನ ಕಡೆ ಇಟ್ರೂ ಬ್ಯಾರೇರ ಕೈಯಾಗ ಇಟ್ಟಂಗ ಅಲ್ಲೇನಕ್ಕ?”

“ರೇಟ್ ಬಿದ್ರ?”

“ಬಿದ್ರ ನಂದ ಬೀಳತೈತಿ,” ಅಂದಳು.

ನಾನು ಗೋಕಾಕದಲ್ಲಿ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುವವಳು. ಬಿಟ್‌ಕಾಯಿನ್ ಮಾರುವ ಎಕ್ಸ್‌ಚೇಂಜ್ ಆ್ಯಪ್ ಹುಡುಕುವುದು ನನ್ನ ಪಾಲಿಗೆ ಬಂತು. ಥೂ, ಎಂಥ ಹೊಲಸು ಸಂತೆ ಅದು! ಬಾಡಿಗೆ ಕಾರಿಗೆ ಒರಗಿ ನಿಂತು ಕೋಟಿ ಕೋಟಿ ಎಂದು ಒದರುವವರ ವಿಡಿಯೋಗಳು. ಅಂಕಲಗಿಯ ಸಂಬಂಧಿಕನೊಬ್ಬ ಕಮಿಷನ್ ಆಸೆಗೆ, “ನನ್ನ ಲಿಂಕಿನಿಂದಾನ ಬರ್ರಿ” ಎಂದು ದಿನಾ ಬೆನ್ನು ಹತ್ತಿದ. ಒಂದು ಆ್ಯಪ್ ನನ್ನ ಆಧಾರ್, ಪ್ಯಾನ್, ಮುಖ ಎಲ್ಲ ನುಂಗಿದ ಮೇಲೆ, ಕೊಂಡ ಕಾಯಿನ್ ಹೊರಗೆ ಒಯ್ಯಲು ಬರುವುದಿಲ್ಲ ಅಂದಿತು. ಕೊನೆಗೆ ಸರಕಾರದಲ್ಲಿ ನೋಂದಣಿಯಾಗಿದ್ದ, ಕಾಯಿನ್ ಹೊರಗೆ ಒಯ್ಯಲು ಬಿಡುವ ಆ್ಯಪ್ ಒಂದು ಸಿಕ್ಕಿತು. ಅವಳು ಕೊಟ್ಟ ಹಣದಿಂದ ನನ್ನ ಹೆಸರಿನಲ್ಲೇ ಕೊಂಡೆ.

ಇನ್ನು ಅದನ್ನು ತಂಗಿಯ ಫೋನಿನ ವ್ಯಾಲೆಟ್‌ಗೆ, ಅಂದರೆ ಕಾಯಿನ್ ಇಡುವ ಆ್ಯಪ್‌ಗೆ, ಕಳಿಸಬೇಕಿತ್ತು. “ವ್ಯಾಲೆಟ್ ಹನ್ನೆರಡು ಪದ ತೋರಸತೈತಿ. ಅವನ್ನ ಬರಕೋ. ಅವು ಯಾರ ಕಡೆ ಇರ್ತಾವೋ ರೊಕ್ಕ ಅವರದು. ನನಗೂ ತೋರಸಬ್ಯಾಡ,” ಎಂದು ಫೋನಿನಲ್ಲಿ ಹೇಳಿದೆ. ಹೂಂ ಅಂದಳು. ವ್ಯಾಲೆಟ್ ತಯಾರಾಯಿತು ಎಂದು ವಿಳಾಸ ಕಳಿಸಿದಳು. ಕೊಂಡದ್ದನ್ನೆಲ್ಲ ಅದಕ್ಕೆ ಹಾಕಿದೆ.

ಆದರೆ ನಮ್ಮ ಕಡೆ ಹೊಸ ಆ್ಯಪ್ ಅಂದರೆ ಯಾರೂ ತಾವಾಗಿ ಹಾಕಿಕೊಳ್ಳುವುದಿಲ್ಲ. ಮೊಬೈಲ್ ಅಂಗಡಿಯವನ ಮುಂದೆ ಫೋನ್ ಇಟ್ಟು ಚಹಾ ಕುಡಿಯುತ್ತ ಕೂಡುತ್ತಾರೆ. ಊರಿನ ಅರ್ಧ ಪಾಸ್‌ವರ್ಡ್ ಅವನೇ ಇಟ್ಟದ್ದು. ತಂಗಿಯೂ ಅಲ್ಲಿಗೇ ಹೋಗಿದ್ದಳು.

“ಪದ ಬರದ ಹಾಳಿ ಕಳದ್ರೂ ಚಿಂತಿ ಇಲ್ಲಕ್ಕ, ಅಂವಾ ಫೋಟೋ ಹೊಡಕೊಂಡಾನ,” ಎಂದು ಆಮೇಲೆ ಖುಷಿಯಿಂದ ಹೇಳಿದಳು. ಆ ಫೋಟೋ ಇದ್ದವನಿಗೆ ಅವಳ ರೊಕ್ಕ ಎತ್ತಲು ಬೇರೇನೂ ಬೇಕಿರಲಿಲ್ಲ. ಮರುದಿನ ಹುಕ್ಕೇರಿಯಲ್ಲಿ ಅವಳ ಭಾವನ, ಅಂದರೆ ಗಂಡನ ಆ ಅಣ್ಣನ, ಮನೆಯಲ್ಲಿ ಊಟವಿತ್ತು. ನನಗೂ ಕರೆ ಬಂದಿತ್ತು. ಅಲ್ಲೇ ಕೂತು ಹೊಸ ವ್ಯಾಲೆಟ್ ಮಾಡಿಕೊಡೋಣ ಅಂದುಕೊಂಡೆ.

ಪಂಕ್ತಿಯಲ್ಲಿ ಕೂತಿದ್ದ ಭಾವ, ಹಣೆ ತುಂಬ ವಿಭೂತಿ, ಹೋಳಿಗೆ ಮುರಿಯುತ್ತ ನನ್ನ ಕಡೆ ನಕ್ಕ.

“ಮನ್ಯಾನ ರೊಕ್ಕ ಮನ್ಯಾಗ ಇರಬೇಕ್ರಿ. ಮೊಬೈಲ್ ಅಂಗಡ್ಯಾಂವ ನಮ್ಮಾಂವ, ತಾನ ಫೋನ್ ಮಾಡಿ ತಿಳಿಸಿ, ಆ ಪದಗಳ ಫೋಟೋನೂ ಕಳಿಸಿದ. ಎಲ್ಲಾ ನನ್ನ ಫೋನಿಗೆ ಹಾಕಿಸ್ಕೊಂಡೇನಿ.”

ಯಾರೂ ಊಟ ನಿಲ್ಲಿಸಲಿಲ್ಲ. ತಂಗಿಯ ಗಂಡ ಸಾರನ್ನ ಸೊರಸೊರ ಸುರಿಯುತ್ತಲೇ ಇದ್ದ. ನಾನು ಎಲೆ ಬಿಟ್ಟೆ. ಎದ್ದು ಹೊರಗೆ ಹೋಗಿ ಅಂಗಡಿಯವನಿಗೆ ಫೋನ್ ಮಾಡಿದೆ.

“ಮನಿ ಹಿರ್ಯಾರ ಮುಂದ ಮುಚ್ಚಿಡಾಕ ಬರತೈತೇನ್ರಿ ಅಕ್ಕಾರ? ನಾ ಒಂದು ಪೈಸಾ ಮುಟ್ಟಿಲ್ಲರಿ,” ಅಂದ. ಆ ಮನುಷ್ಯನಿಗೆ ತಾನು ಪ್ರಾಮಾಣಿಕ ಎಂಬ ಹೆಮ್ಮೆ ಬೇರೆ.

ಅಡುಗೆಮನೆಯಲ್ಲಿ ತಂಗಿ ಒಲೆಯ ಮುಂದೆ ಇದ್ದಳು. ಪೊಲೀಸರ ಹತ್ತಿರ ಹೋಗೋಣ, ನಡಿ ಅಂದೆ.

“ಹೋಗಿ ಬಂದ ಮ್ಯಾಲ ರಾತ್ರಿ ನಾ ಯಾವ ಮನಿಗೆ ಹೋಗ್ಲಿ?” ಅಂದಳು.

ಹೊರಗಿನಿಂದ ಭಾವ ಇನ್ನೊಂದು ಹೋಳಿಗೆ ಕೇಳಿದ. ಅವಳು ಬಿಸಿಯದನ್ನೇ ಆರಿಸಿ ತಾಟಿಗೆ ಹಾಕಿ, ಮೇಲೆ ತುಪ್ಪ ಸುರಿದು, ಸೆರಗು ಸರಿ ಮಾಡಿಕೊಂಡು ಬಡಿಸಲು ಹೋದಳು.