ಹಾಲತ್ತೆಯ ಮೂಲೆಕೋಣೆ

ಹಾಲತ್ತೆ ಮಾಡಿದ ತಪ್ಪೆಂದರೆ ಕೊಟ್ಟಿಗೆ ಗುಡಿಸಿದ್ದು. ಕೊಟ್ಟಿಗೆ ಗುಡಿಸುವುದೂ ಒಂದು ತಪ್ಪೇ ಎಂದು ಯಾರಾದರೂ ಕೇಳಬಹುದು. ಕೇಳಲಿ. ಆ ಒಂದು ಪೊರಕೆಯಿಂದ ಏನೇನಾಯಿತು ಎಂದು ತಿಳಿದ ಮೇಲೆ ಮತ್ತೆ ಮಾತಾಡಲಿ.

ಪರವಾನಗಿ ಕಚೇರಿಯ ಸಾಹೇಬರು ಕೊಟ್ಟಿಗೆ ನೋಡುವುದಕ್ಕೆ ನಾಳೆ ಬರುತ್ತಾರೆ ಎಂದು ಪುಟ್ಟಿ ಹೇಳಿದ್ದೇ ತಡ, ಹಾಲತ್ತೆ ತೋಳೇರಿಸಿ ನಿಂತಳು. ಪುಟ್ಟಿ ಎಂದರೆ ಆ ಜಮೀನಿನ ಒಡತಿ. ನಲವತ್ತು ದಾಟಿದ ದಪ್ಪ ದನಿಯ ಹೆಂಗಸು. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ರಿವರ್ಸ್ ತೆಗೆಯುವುದರಲ್ಲಿ ಅವಳನ್ನು ಮೀರಿಸುವ ಗಂಡಸು ಆ ಸುತ್ತಿನಲ್ಲಿ ಇರಲಿಲ್ಲ. ಆದರೂ ಹಾಲತ್ತೆಯ ಬಾಯಲ್ಲಿ ಅವಳು ಪುಟ್ಟಿಯೇ. ಯಾಕೆಂದರೆ ತಾಯಿ ಸತ್ತ ಆ ಮೂರು ವರ್ಷದ ಕೂಸನ್ನು ಹುಲ್ಲಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಹಾಲು ಕರೆದವಳು ಇವಳು. ಕೆಚ್ಚಲಿನಿಂದ ನೇರವಾಗಿ ಅದರ ಬಾಯಿಗೆ ಗುರಿಯಿಟ್ಟು ಹಾಲು ಚಿಮ್ಮಿಸಿ ನಗಿಸಿದವಳೂ ಇವಳೇ. ಆ ಕೂಸು ಕರೆದ ಹೆಸರು ಹಾಲತ್ತೆ. ಆಮೇಲೆ ಊರೆಲ್ಲ ಹಾಗೇ ಕರೆಯಿತು, ಸ್ವಂತ ಹೆಸರು ಅವಳಿಗೇ ಮರೆತುಹೋಗುವಷ್ಟು.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಮದುವೆಯಾಗಿ ಬಂದದ್ದು ನೇರವಾಗಿ ಆ ಕೊಟ್ಟಿಗೆಗೆ. ಗಂಡ ಅಲ್ಲಿ ದನ ನೋಡಿಕೊಳ್ಳುವ ಆಳು. ಎರಡು ಸಾಲಿನಲ್ಲಿ ಇಪ್ಪತ್ತನಾಲ್ಕು ಹಸುಗಳು, ಕೊನೆಯಲ್ಲಿ ಹಾಲಿನ ಕ್ಯಾನು ತೊಳೆಯುವ ಜಾಗ, ಅದರ ಪಕ್ಕದ ಮೂಲೆಯಲ್ಲಿ ಒಂದು ಕೋಣೆ. ಒಂದು ಮಂಚ, ಒಂದು ಒಲೆ, ಗುಡ್ಡ ಕಾಣುವ ಕಿಟಕಿ, ಗಂಡನ ಕೋಟು ನೇತುಹಾಕುವ ಮೊಳೆ. ಸಂಸಾರ ಅಂದರೆ ಅಷ್ಟೇ. ಮಕ್ಕಳಾಗಲಿಲ್ಲ. ಕೊಟ್ಟಿಗೆಯ ನೆಲವನ್ನು ಗಂಡನೇ ಹಾಕಿದ್ದ. ಒಂದು ಬಕೆಟ್ ನೀರು ಸುರಿದರೆ ಎಲ್ಲೂ ನಿಲ್ಲದೆ ಹೊರಗಿನ ಚರಂಡಿಗೆ ಹರಿದುಹೋಗುವ ಹಾಗೆ ಇಳಿಜಾರು ಕೊಟ್ಟಿದ್ದ. ಯಾರು ಬಂದರೂ ಹಾಲತ್ತೆ ಅವರೆದುರು ಒಂದು ಬಕೆಟ್ ನೀರು ಸುರಿದು ತೋರಿಸುತ್ತಿದ್ದಳು. ಬಂದವರಿಗೆ ಅದು ಬೇಕಿತ್ತೋ ಇಲ್ಲವೋ ಅವಳಿಗೆ ಸಂಬಂಧವಿಲ್ಲ.

ಅದೇ ನೆಲದ ಮೇಲೆ ಒಂದು ಬೆಳಗ್ಗೆ ಗಂಡ ಎದೆ ಹಿಡಿದುಕೊಂಡು ಕುಸಿದ. ಎಲ್ಲ ಮುಗಿಯಿತು ಎಂದು ಗೊತ್ತಾದ ಮೇಲೆ ಹಾಲತ್ತೆ ಅವನ ಮೇಲೊಂದು ಗೋಣಿ ಹೊದಿಸಿ, ಉಳಿದ ಒಂಬತ್ತು ಹಸುಗಳ ಹಾಲು ಕರೆದು, ಆಮೇಲೆ ಅತ್ತಳು. ಕಲ್ಲುಮನಸ್ಸಿನವಳು ಎಂದು ಜನ ಆಡಿಕೊಂಡರು. ಕೆಚ್ಚಲು ಬಿಗಿದು ಅರಚುತ್ತಿದ್ದ ಹಸುಗಳಿಗೆ ಸಾವಿನ ಲೆಕ್ಕ ಗೊತ್ತಾಗುತ್ತದೆಯೇ? ಆಡಿಕೊಂಡವರಲ್ಲಿ ಒಬ್ಬರೂ ಹಸು ಕಟ್ಟಿದವರಲ್ಲ ಬಿಡಿ.

ಆಮೇಲೆ ಹಾಲಿನ ಲಾರಿ ಅಷ್ಟು ದೂರ ಬರುವುದು ನಿಂತಿತು. ಎರಡೇ ದಿನದಲ್ಲಿ ಹಸುಗಳು ಮಾರಿಹೋದವು. ಸಾಯುವ ಮೊದಲು ಪುಟ್ಟಿಯ ಅಪ್ಪ, ಹಳೇ ಯಜಮಾನರು, "ನೀನಿರೋವರೆಗೂ ಆ ಕೋಣೆ ನಿಂದೇ" ಅಂದಿದ್ದರು. ಬಾಯಿಮಾತು. ಹಾಲತ್ತೆಗೆ ಅದೇ ಸಾಕಾಗಿತ್ತು. ಒಂಬತ್ತು ವರ್ಷ ಅವಳು ದಿನಾ ಬೆಳಗ್ಗೆ ಎದ್ದು ಖಾಲಿ ಕೊಟ್ಟಿಗೆ ಗುಡಿಸಿದಳು.

"ಯಾರೂ ಇಲ್ಲದ ಕಡೆ ಎಂಥ ಕಸ ಬೀಳುತ್ತೆ ಅತ್ತೆ?" ಎಂದು ಪುಟ್ಟಿ ನಗುತ್ತಿದ್ದಳು.

"ಗುಬ್ಬಚ್ಚಿಗಳಿಲ್ವೇನೇ? ಅವಕ್ಕೆ ಒಂಚೂರೂ ಬುದ್ಧಿ ಇಲ್ಲ."

ಈಗ ಸಾಹೇಬರು ಬರುತ್ತಾರೆ ಅಂದರೆ ಬಿಡುತ್ತಾಳೆಯೇ? ಗೋಡೆಗೆ ಸುಣ್ಣ ಹೊಡೆದಳು. ದನ ಕಟ್ಟುವ ಕಬ್ಬಿಣದ ಬಳೆಗಳನ್ನು ಬೂದಿಯಲ್ಲಿ ತಿಕ್ಕಿದಳು. ಎರಡೂ ಸಾಲಿಗೆ ಹೊಸ ಹುಲ್ಲು ಹರಡಿದಳು, ಈಗಷ್ಟೇ ಮೇಯಲು ಹೋದ ಹಸುಗಳು ಸಂಜೆಗೆ ವಾಪಸು ಬರುತ್ತವೇನೋ ಎಂಬಂತೆ. ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಕನ್ನಡಕ, ಕೈಯಲ್ಲಿ ಅಳತೆಯ ಟೇಪು. ಹಾಲತ್ತೆ ಅವರಿಗೂ ಒಂದು ಬಕೆಟ್ ನೀರು ಸುರಿದು ತೋರಿಸಿದಳು, ಚಹಾ ಮಾಡಿಕೊಟ್ಟಳು. ಸಾಹೇಬರು ನಿಂತಲ್ಲೇ ಚಹಾ ಕುಡಿದು, "ಇಷ್ಟು ಅಚ್ಚುಕಟ್ಟಾದ ಕೊಟ್ಟಿಗೆ ನಾನು ನೋಡೇ ಇಲ್ಲಮ್ಮಾ" ಎಂದು ಮನಸಾರೆ ಹೊಗಳಿ, ಕಾಗದದಲ್ಲಿ ಬರೆದುಕೊಂಡು ಹೋದರು. ಬರೆದದ್ದು: ಕಟ್ಟಡ ಬಳಕೆಯಲ್ಲಿದೆ.

ಪುಟ್ಟಿಗೆ ಕಾಗದ ಬಂತು. ಅದನ್ನು ಹಿಡಿದುಕೊಂಡು ಬಂದು ಮೂಲೆಕೋಣೆಯ ಹೊಸ್ತಿಲ ಮೇಲೆ ಕುಕ್ಕರಿಸಿದಳು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

"ಪಾಳು ಬಿದ್ದಿದ್ರೆ ಮಾತ್ರ ಕೆಡವಿ ಬೇರೆ ಕಟ್ಟೋಕೆ ಬಿಡ್ತಾರಂತೆ ಅತ್ತೆ. ಬಳಕೆಯಲ್ಲಿದ್ರೆ ಮುಟ್ಟೋ ಹಾಗಿಲ್ಲ."

"ಕೆಡವೋದಾ?" ಅಂದಳು ಹಾಲತ್ತೆ. ರಿಪೇರಿ ಎಂದುಕೊಂಡಿದ್ದಳು ಪಾಪ.

ಆಗ ಪುಟ್ಟಿ ಎಲ್ಲ ಹೇಳಿದಳು. ದೂರದ ಕುದುರೆ ಸವಾರಿ ಶಾಲೆಯೊಂದು ಬಾಗಿಲು ಹಾಕುತ್ತಿದೆ. ಆರು ಕುದುರೆಗಳನ್ನು ತಾನು ತರುತ್ತೇನೆಂದು ಮಾತು ಕೊಟ್ಟಾಗಿದೆ. ಆರು ಕುದುರೆಗೆ ಲಾಯ, ಪಕ್ಕದಲ್ಲಿ ಐದು ಕೋಣೆ. ಪಟ್ಟಣದ ಜನ ರಜೆಗೆ ಬರುತ್ತಾರೆ, ಸವಾರಿ ಮಾಡುತ್ತಾರೆ, ಉಳಿಯುತ್ತಾರೆ. ಇದಾಗದಿದ್ದರೆ ಜಮೀನು ಪಾಲು ಪಾಲಾಗಿ ಕೈಬಿಟ್ಟುಹೋಗುತ್ತದೆ. ಹೇಳುತ್ತ ಹೇಳುತ್ತ ಪುಟ್ಟಿಯ ದಪ್ಪ ದನಿ ಸಣ್ಣದಾಯಿತು. ಬುಟ್ಟಿಯಲ್ಲಿ ಕೂತಿದ್ದ ಕೂಸು ಅಳುವ ಮೊದಲು ತುಟಿ ಮುಂದೆ ಮಾಡುತ್ತಿತ್ತಲ್ಲ, ಅದೇ ಮುಖ.

"ಮೂಲೆಕೋಣೆ ನಿನಗೇ ಅತ್ತೆ. ಹೊಸದು ಕಟ್ಟಿದ ಮೇಲೂ ನಿನಗೇ. ಬಿಸಿನೀರಿನ ನಲ್ಲಿ ಹಾಕಿಸಿಕೊಡ್ತೀನಿ."

ಮೂವತ್ತೆಂಟು ವರ್ಷ ಚಳಿಯಲ್ಲಿ ಬೆರಳು ಸೆಟೆದುಕೊಂಡು ಒಲೆ ಊದಿದವಳಿಗೆ ಬಿಸಿನೀರಿನ ನಲ್ಲಿ ಸಣ್ಣ ಮಾತಲ್ಲ. "ಈಗ ನಾನೇನು ಮಾಡ್ಬೇಕು ಹೇಳು" ಅಂದಳು.

"ಏನೂ ಮಾಡ್ಬೇಡ. ಅಷ್ಟೇ. ಒಂದು ವರ್ಷ ಪೊರಕೆ ಮುಟ್ಟಬೇಡ."

ಹೇಳುವುದು ಸುಲಭ. ಹಾಲತ್ತೆಯ ಮಂಚವನ್ನು ಪುಟ್ಟಿ ಇದ್ದ ದೊಡ್ಡಮನೆಯ ಅಡುಗೆಮನೆ ಹಿಂದಿನ ಉಗ್ರಾಣಕ್ಕೆ ಸಾಗಿಸಿದರು, ಆಲೂಗಡ್ಡೆ ಮೂಟೆಗಳ ನಡುವೆ. ಅದಕ್ಕೆ ಕಿಟಕಿ ಇರಲಿಲ್ಲ. ಬೆಳಗ್ಗೆ ಎಚ್ಚರವಾದರೆ ಕೈಗೆ ಕೆಲಸವಿಲ್ಲ. ಅಂಗಳದ ಕಲ್ಲಿನ ಮೇಲೆ ಕೂತು ಕೊಟ್ಟಿಗೆಯನ್ನೇ ನೋಡುವಳು. ಮಳೆಗಾಲದಲ್ಲಿ ಒಂದು ಹೆಂಚು ಜಾರಿತು. ಏಣಿ ಹಾಕಿ ಅದನ್ನು ಎತ್ತಿ ಕೂರಿಸುವುದು ಐದು ನಿಮಿಷದ ಕೆಲಸ. ಅವಳು ಕೈಕಟ್ಟಿ ಕೂತಳು. ಆ ಸಂದಿಯಿಂದ ಇಳಿದ ನೀರು ಸುಣ್ಣದ ಗೋಡೆಯ ಮೇಲೆ ಹಸಿರು ಗೆರೆ ಎಳೆಯಿತು. ಜೇಡಗಳು ಬಂದವು, ಹೆಗ್ಗಣ ಬಂದವು, ಗುಬ್ಬಚ್ಚಿಗಳಂತೂ ಕೇಳುವವರೇ ಇಲ್ಲವೆಂದು ಮೆರೆದವು. ಪ್ರತಿದಿನ ಒಂದಷ್ಟು ಹಾಳಾಗುವುದನ್ನು ಕಣ್ಣಾರೆ ನೋಡುವುದು, ನೋಡಿಯೂ ಏಳದಿರುವುದು. ಇಂಥ ಶಿಕ್ಷೆಯನ್ನು ಯಾವ ನ್ಯಾಯಾಧೀಶನೂ ಯಾರಿಗೂ ಕೊಟ್ಟಿರಲಾರ.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಪುಟ್ಟಿ ಪೇಟೆಗೆ ಹೋಗಿದ್ದಳು. ಹಾಲತ್ತೆ ಕಳ್ಳಿಯಂತೆ ಪೊರಕೆ ಹಿಡಿದು ಒಳಗೆ ಹೋಗಿ, ಎಡಸಾಲಿನ ಮೂರನೇ ಹಸು ಕಟ್ಟುತ್ತಿದ್ದ ಕಡೆ, ಗಂಡ ಬಿದ್ದ ಜಾಗ, ಅದೊಂದನ್ನು ಗುಡಿಸಿದಳು. ಕಲ್ಲು ಕಾಣುವವರೆಗೆ ಗುಡಿಸಿ ಸುಮ್ಮನೆ ನಿಂತಳು. ಆಮೇಲೆ ಭಯವಾಯಿತು. ಪಾಳು ಕೊಟ್ಟಿಗೆಯ ನಡುವೆ ಒಂದು ಚೌಕ ಫಳಫಳ ಹೊಳೆಯುತ್ತಿದ್ದರೆ ಸಾಹೇಬರು ಏನೆಂದುಕೊಂಡಾರು? ಮೂಲೆಗೆ ಒತ್ತಿದ್ದ ಕಸವನ್ನು ಬೊಗಸೆಯಲ್ಲಿ ತಂದು ಮತ್ತೆ ಹರಡಿದಳು. ಹಿಕ್ಕೆ, ಗರಿ, ಧೂಳು, ಎಲ್ಲ ಇದ್ದ ಹಾಗೇ. ಮೊದಲಿನಂತೆ ಕಾಣುತ್ತದೆಯೇ ಎಂದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಕಾಣುತ್ತಿತ್ತು. ಅವತ್ತು ಊಟ ಸೇರಲಿಲ್ಲ.

ವರ್ಷ ಕಳೆದು ಅದೇ ಸಾಹೇಬರು ಬಂದರು. ಬಾಗಿಲಲ್ಲೇ ನಿಂತು, "ಅಯ್ಯೋ, ಇದೇನಮ್ಮಾ ಹೀಗಾಗಿದೆ?" ಅಂದರು. ಹಾಲತ್ತೆಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಗುಡಿಸದವಳು ಎಂದು ಅವಳನ್ನು ಯಾರೂ ಇದುವರೆಗೆ ಅಂದಿರಲಿಲ್ಲ.

ಸಾಹೇಬರು ಅಳೆದರು, ಬರೆದರು, ಮೂಲೆಕೋಣೆಗೆ ಬಂದರು. ಗೋಡೆಯಲ್ಲಿ ಆ ಮೊಳೆ ಹಾಗೇ ಇತ್ತು. ಅದರ ಕೆಳಗೆ, ಕೋಟು ತೂಗುತ್ತಿದ್ದ ಕಡೆ, ಸುಣ್ಣ ಬೇರೆ ಬಣ್ಣದಲ್ಲಿತ್ತು. ಸಾಹೇಬರು ಅದನ್ನು ಸ್ವಲ್ಪ ಹೊತ್ತು ನೋಡಿದರು.

"ಇಲ್ಲಿ ಯಾರಾದ್ರೂ ವಾಸ ಇದ್ರಾ?"

ಪುಟ್ಟಿ ಬಾಯಿ ತೆಗೆದಳು. "ನಿಮ್ಮನ್ನಲ್ಲ, ಈ ಅಮ್ಮನ್ನ ಕೇಳ್ತಿದೀನಿ" ಅಂದರು ಸಾಹೇಬರು.

ಏನು ಹೇಳಬೇಕೆಂದು ಪುಟ್ಟಿ ಬೆಳಗ್ಗೆಯೇ ಹೇಳಿಕೊಟ್ಟಿದ್ದಳು. ಹೌದೆಂದರೆ ಮತ್ತೊಂದು ವರ್ಷ ಕಾಗದ ಓಡಾಡುತ್ತದೆ, ಕುದುರೆಗಳಿಗೆ ಅಷ್ಟು ಸಮಯವಿಲ್ಲ. ಹಾಲತ್ತೆ ಜನ್ಮದಲ್ಲಿ ಸುಳ್ಳು ಹೇಳಿದವಳಲ್ಲ ಎಂದೇನಿಲ್ಲ, ಆದರೆ ಅವೆಲ್ಲ ಹಾಲಿಗೆ ಸಂಬಂಧಪಟ್ಟ ಚಿಲ್ಲರೆ ಸುಳ್ಳುಗಳು.

"ಯಾರೂ ಇಲ್ಲ ಸ್ವಾಮಿ."

"ಮೊದಲು?"

"ಯಾರೂ ಇರಲಿಲ್ಲ."

ಸಾಹೇಬರು ಕಾಗದ ಮುಂದಿಟ್ಟರು. ಅವರು ತೋರಿಸಿದ ಕಡೆ ಹಾಲತ್ತೆ ಸಹಿ ಹಾಕಿದಳು. ಆಮೇಲೆ ಅವರು, ಒಳ್ಳೆಯ ಮನಸ್ಸಿನಿಂದಲೇ, ಅಂದರು: "ಇದ್ದಿದ್ರೆ ಹೊಸ ಕಟ್ಟಡದಲ್ಲಿ ಅವರಿಗೊಂದು ಕೋಣೆ ಕೊಡಲೇಬೇಕಿತ್ತು. ನಕ್ಷೆಯಲ್ಲೇ ತೋರಿಸ್ಬೇಕು, ಕಾನೂನು ಹಾಗಿದೆ. ಅದಕ್ಕೇ ಎರಡು ಸಲ ಕೇಳಿದ್ದು."

ಪೆನ್ನಿನ ಮುಚ್ಚಳವನ್ನು ಅವರಿನ್ನೂ ಹಾಕಿರಲಿಲ್ಲ. ಹಾಲತ್ತೆ ಪುಟ್ಟಿಯ ಕಡೆ ನೋಡಿದಳು. ಪುಟ್ಟಿ ತನ್ನ ಬೂಟಿನ ತುದಿಗೆ ಹತ್ತಿದ ಕೆಸರನ್ನು ಬಹಳ ಗಮನವಿಟ್ಟು ನೋಡುತ್ತಿದ್ದಳು. ಇದು ಅವಳಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ಹಾಲತ್ತೆ ಇವತ್ತಿನವರೆಗೂ ಕೇಳಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ, ಅದೇ ಭಯ. ಬುಟ್ಟಿಯಲ್ಲಿ ಕೂರಿಸಿ ಬೆಳೆಸಿದ ಹುಡುಗಿಯನ್ನು ಪರರ ಮುಂದೆ ಸುಳ್ಳುಗಾತಿ ಮಾಡುವುದು ಹೇಗೆ? ಸಾಹೇಬರು ಮುಚ್ಚಳ ಹಾಕಿ ಪೆನ್ನು ಜೇಬಿಗೆ ಸಿಕ್ಕಿಸಿದರು.

ಕೆಡವುವ ಯಂತ್ರ ಬಂತು. ಗೋಡೆಗಳು ಒಂದೇ ಬೆಳಗ್ಗೆ ಬಿದ್ದವು. ನೆಲ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಯಂತ್ರದವನು ಬೆವರೊರೆಸಿಕೊಂಡು, "ಯಾರಪ್ಪಾ ಹಾಕಿದ್ದು ಈ ನೆಲ? ಒಡೀತಾನೇ ಇಲ್ಲ!" ಎಂದು ಕೂಗಿದ. "ನಮ್ಮನೆಯವರು" ಅಂದಳು ಹಾಲತ್ತೆ, ಕಲ್ಲಿನ ಮೇಲಿಂದ. ಆ ಇಡೀ ವರ್ಷದಲ್ಲಿ ಅವಳು ಹೆಮ್ಮೆಪಟ್ಟದ್ದು ಅದೊಂದೇ ಗಳಿಗೆ. ಮಧ್ಯಾಹ್ನದ ಹೊತ್ತಿಗೆ ಅದೂ ಒಡೆಯಿತು.

ಹೊಸದು ಎದ್ದು ನಿಂತಿತು. ನೋಡಲು ಚೆನ್ನಾಗಿಯೇ ಇತ್ತು, ಇಲ್ಲವೆನ್ನಲಾಗದು. ಕುದುರೆಗಳೂ ಬಂದವು, ಅವೇನು ಪಾಪ ಮಾಡಿದ್ದವು? ಹಾಲತ್ತೆ ಹಸುಗಳನ್ನು ಕೂಗುತ್ತಿದ್ದ ಹಾಗೆ ಕೂಗಿದರೆ ಒಂದೂ ತಿರುಗಿ ನೋಡುತ್ತಿರಲಿಲ್ಲ, ಅಷ್ಟೇ. ಐದು ಕೋಣೆಗಳಲ್ಲಿ ಗುಡ್ಡ ಚೆನ್ನಾಗಿ ಕಾಣುವುದು ಮೂಲೆಯದರಿಂದ. ಬಂದವರೆಲ್ಲ ಮೊದಲು ಕೇಳುವುದು ಅದನ್ನೇ. "ಈ ಸೀಸನ್ ಒಂದು ಮುಗೀಲಿ ಅತ್ತೆ" ಅಂದಳು ಪುಟ್ಟಿ. ಆ ಸೀಸನ್ ಮುಗಿಯಿತು, ಇನ್ನೊಂದು ಬಂತು. ಹಾಲತ್ತೆಗೆ ದಪ್ಪ ಕಂಬಳಿ ತಂದುಕೊಟ್ಟಳು, ಒಳ್ಳೆಯ ಚಪ್ಪಲಿ ತಂದುಕೊಟ್ಟಳು, ಉಗ್ರಾಣದಿಂದ ಆಲೂಗಡ್ಡೆ ಮೂಟೆ ತೆಗೆಸಿದಳು. ಕಣ್ಣು ತಪ್ಪಿಸುವುದನ್ನೂ ಕಲಿತಳು. ಹಾಲತ್ತೆ ತಾನಾಗಿಯೇ ಪೊರಕೆ ಕೇಳಿ ತೆಗೆದುಕೊಂಡಳು. ಈಗ ಗುಡಿಸಬಹುದಿತ್ತು. ದಿನಾ ಬೆಳಗ್ಗೆ ಐದೂ ಕೋಣೆ ಗುಡಿಸಿ, ಹಾಸಿಗೆ ಬದಲಿಸಿ, ಮೂಲೆಕೋಣೆಯನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದಳು. ಒಳಗೆ ಯಾರಾದರೂ ಇದ್ದರೆ ಬಾಗಿಲು ತಟ್ಟಿ ಕಾಯಬೇಕು, ಅದು ನಿಯಮ.

ಎರಡನೇ ವರ್ಷ ಒಂದು ಸಂಜೆ ಟವೆಲ್ಲು ಕೊಡಲು ಬಾಗಿಲು ತಟ್ಟಿದಾಗ ತೆಗೆದವರು ಆ ಸಾಹೇಬರು. ಹೆಂಡತಿಯನ್ನು ಕರೆದುಕೊಂಡು ರಜೆಗೆ ಬಂದಿದ್ದರು. ಕನ್ನಡಕ ಸರಿಮಾಡಿಕೊಂಡು ನೋಡಿದರು. ಗುರುತು ಸಿಕ್ಕಿತು.

"ನೀವು! ಆವತ್ತು ಚಹಾ ಕೊಟ್ಟಿದ್ರಿ, ನೀರು ಸುರಿದು ತೋರಿಸಿದ್ರಿ."

"ಹೌದು ಸ್ವಾಮಿ."

ಸಾಹೇಬರು ಮಂಚದ ಅಂಚಿಗೆ ಕೂತರು. ಕಿಟಕಿ ನೋಡಿದರು, ಗುಡ್ಡ ನೋಡಿದರು. "ಫೈಲು ಯಾವತ್ತೋ ಮುಗಿದುಹೋಯ್ತು. ಈಗ ಕೇಳಿ ಏನೂ ಪ್ರಯೋಜನ ಇಲ್ಲ. ಆದ್ರೂ ಮನಸ್ಸಲ್ಲಿ ಉಳ್ಕೊಂಡಿದೆ. ಇಲ್ಲಿ ಇರ್ತಿದ್ದೋರು ನೀವೇ ಅಲ್ವಾ?"

ಹಾಲತ್ತೆ ಟವೆಲ್ಲನ್ನು ಅವರ ಕೈಗಿಟ್ಟಳು. ಎರಡು ವರ್ಷದಿಂದ ಇದನ್ನು ಯಾರಾದರೂ ಕೇಳಲಿ ಎಂದು ಕಾದಿದ್ದಳು ಎಂಬುದು ಅವಳಿಗೆ ಗೊತ್ತಾದದ್ದೇ ಆಗ.

"ಹೌದು ಸ್ವಾಮಿ. ಮೂವತ್ತೆಂಟು ವರ್ಷ. ನೀವು ಕೂತಿರೋ ಕಡೆನೇ ನನ್ನ ಮಂಚ ಇತ್ತು."

ಸಾಹೇಬರು ದಡಕ್ಕನೆ ಎದ್ದರು. ಎದ್ದು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಮತ್ತೆ ಅಲ್ಲೇ ಕೂತರು. ಕೆಟ್ಟ ಮನುಷ್ಯರೇನಲ್ಲ. ಆದರೆ ಅವರ ಕೈಯಲ್ಲಿ ಈಗ ಏನಿತ್ತು, ಒಂದು ಟವೆಲ್ಲು ಬಿಟ್ಟರೆ?

ಬಚ್ಚಲಿನಿಂದ ಹೆಂಡತಿಯ ದನಿ ಬಂತು. "ರೀ, ಬಿಸಿನೀರು ಎಷ್ಟು ಗಂಟೆವರೆಗೆ ಬರುತ್ತೆ ಅಂತ ಸ್ವಲ್ಪ ಕೇಳ್ರೀ."

ಸಾಹೇಬರು ಹಾಲತ್ತೆಯ ಮುಖ ನೋಡಿದರು, ಕೇಳಲಿಲ್ಲ. ಅವರಿಗೆ ಕೇಳಲಾಗುತ್ತಿಲ್ಲ ಎಂದು ಹಾಲತ್ತೆಗೆ ತಿಳಿಯಿತು. ಪಾಪ ಅನ್ನಿಸಿತು.

"ಒಂಬತ್ತರವರೆಗೆ ಬರುತ್ತೆ ಅಮ್ಮಾ" ಎಂದು ಅವಳೇ ಕೂಗಿ ಹೇಳಿದಳು. "ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಬಿಡ್ಬೇಕು. ಆಮೇಲೆ ಚೆನ್ನಾಗಿ ಬಿಸಿಯಾಗಿ ಬರುತ್ತೆ."

ಹೇಳಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಉಗ್ರಾಣದ ಕಡೆ ಹೋದಳು.