ಅಕ್ಕನ ಮನೆಯ ಗಾಳಿ

ಶಹಾಪುರದಲ್ಲಿ ಮಾಸ್ತರನಾಗಿದ್ದಾಗ, ಸರ್ಕಾರದ ಸಮೀಕ್ಷೆಯೊಂದಕ್ಕಾಗಿ ಮನೆಮನೆಯ ಗಾಳಿ ಅಳೆಯುವ ಕೆಲಸ ಒಂದು ವರ್ಷ ನನ್ನ ಕೊರಳಿಗೆ ಬಿತ್ತು. ಬಂಡೆಗಲ್ಲಿನ ನೆಲದಿಂದ ರೇಡಾನ್ ಎಂಬ ಅನಿಲ ಏಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಮನೆಯಲ್ಲಿ ಕೂಡಿಕೊಂಡರೆ, ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶಕ್ಕೆ ಕೇಡು. ಅದನ್ನು ಅಳೆಯುವ ಡಬ್ಬಿಗಳು ನಮ್ಮ ಹತ್ತಿರ ಇದ್ದುದೇ ಕೆಲವು. ಹಾಗಾಗಿ ಮೊದಲು ಕಿಟಕಿ, ಬಾಗಿಲು, ಮಾಳಿಗೆಯ ಬೆಳಕಿಂಡಿಗಳಲ್ಲಿ ಗಾಳಿ ಎಷ್ಟು ಓಡಾಡುತ್ತದೆಂದು ನೋಡಿ, ಉಸಿರುಗಟ್ಟುವ ಮನೆಗಳಿಗಷ್ಟೇ ಡಬ್ಬಿ ತೂಗುಹಾಕುತ್ತಿದ್ದೆ.

ಬೋನಾಳದ ಹತ್ತಿರದ ಹಳ್ಳಿಯಲ್ಲಿ ನನ್ನ ಅಕ್ಕನ ಮನೆಯಿತ್ತು, ಗುಡ್ಡದ ಕಲ್ಲಿನಲ್ಲೇ ಕಟ್ಟಿದ್ದು. ಎಲ್ಲರಿಗೂ ಹೇಳಿ ಕಳಿಸುವಂತೆ ಅವಳಿಗೂ ಹೇಳಿ ಕಳಿಸಿದೆ. ತಮ್ಮ ಬರುತ್ತಾನೆಂದರೆ ಅಕ್ಕ ಸುಮ್ಮನಿರುವವಳೇ? ಮನೆ ಸಾರಿಸಿ, ಬೆಳಕಿಂಡಿಯ ಮೇಲಿನ ಪರಸಿಕಲ್ಲು ಸರಿಸಿ, ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದಳು. ನಡುಮನೆಯಲ್ಲಿ ಊದಿನಕಡ್ಡಿ ಹಚ್ಚಿ ಹಿಡಿದೆ. ಹೊಗೆ ನೆಟ್ಟಗೆ ಬೆಳಕಿಂಡಿಯಿಂದ ಹೊರಗೆ ಹೋಯಿತು. ಅಕ್ಕ ಮಗನ ರಿಸಲ್ಟ್ ಕೇಳಲು ಬಂದ ತಾಯಿಯ ಹಾಗೆ ನಿಂತಿದ್ದಳು.

"ನಮ್ಮ ಮನಿ ಪಾಸಾತೇನೋ ತಮ್ಮಾ?"

"ಫಸ್ಟ್ ಕ್ಲಾಸ್ ಅಕ್ಕ" ಎಂದು ನಕ್ಕೆ. ಅವಳು ಮಾಡಿದ ಹೋಳಿಗೆ ತಿಂದು, ಡಬ್ಬಿಯ ಪಟ್ಟಿಯಿಂದ ಆ ಮನೆಯನ್ನು ಹೊಡೆದುಹಾಕಿದೆ.

ಎರಡು ವರ್ಷದ ಮೇಲೆ ಅಕ್ಕನಿಗೆ ಕೆಮ್ಮು ಹತ್ತಿತು, ಬಿಡಲಿಲ್ಲ. ಸುದ್ದಿ ತಿಳಿದು ಹೇಳದೆ ಕೇಳದೆ ಹೋದೆ. ಹೊರಗೆ ನಡುಹಗಲು, ಒಳಗೆ ಕತ್ತಲು. ಕಿಟಕಿಗಳಿಗೆ ಗೋಣಿಚೀಲ ತುರುಕಿತ್ತು, ಬೆಳಕಿಂಡಿ ಮುಚ್ಚಿತ್ತು.

"ಕೆನಾಲ್ ನೀರು ಬಂದಾಗಿಂದ ಹಿಂಗೇ ಅದಪ್ಪ" ಎಂದಳು. "ಗದ್ದಿ ಆದ್ವು, ಸೊಳ್ಳಿನೂ ಆದ್ವು. ಒಂದ್ ಸಂದಿ ಬಿಟ್ರೂ ಕಚ್ಚಿ ಕೊಲ್ತಾವ."

"ಮತ್ತ ಅವತ್ತ ಎಲ್ಲಾ ತಗದಿಟ್ಟಿದ್ದೆಲ್ಲ?"

"ನೀ ಬರಾಂವ ಇದ್ದಿ. ಕತ್ತಲಾಗ ಕುಂದ್ರಸ್ಲೇನು ನಿನ್ನ?"

ನನ್ನ ಮೇಲೇ ನನಗೆ ಸಿಟ್ಟು ಬಂತು. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ, ಬೀಗರು ನೆಂಟರು ಬರುತ್ತಾರೆಂದರೆ ನಮ್ಮವರು ಮನೆಯನ್ನು ಹೇಗಿಡುತ್ತಾರೆಂದು ಗೊತ್ತಿರಲಿಲ್ಲವೇ? ಗೋಣಿಚೀಲಗಳನ್ನು ಕಿತ್ತೆಸೆದು ಸೊಳ್ಳೆಪರದೆ ತಂದುಕೊಟ್ಟೆ. ಯಾಕೆಂದು ಅವಳಿಗೆ ಹೇಳುವ ಧೈರ್ಯ ಬರಲಿಲ್ಲ.

ಕಲಬುರಗಿಯ ಡಾಕ್ಟರು ಶ್ವಾಸಕೋಶದ ಕ್ಯಾನ್ಸರ್ ಎಂದರು. ರೇಡಾನಿನಿಂದಲೇ ಬಂತೇ ಎಂದು ಕೇಳಿದೆ. "ಒಲಿ ಹೊಗಿನೂ ಇರಬಹುದು, ಅದೂ ಇರಬಹುದು. ಹೆಂಗ ಹೇಳೂದ್ರಿ?" ಎಂದರು. ಅವಳ ಮನೆಗೆ ಡಬ್ಬಿ ತೂಗುಹಾಕಿದ್ದರೆ ಎರಡು ವರ್ಷ ಮೊದಲೇ ಆ ಕಿಟಕಿ ತೆಗೆಸುತ್ತಿದ್ದೆ. ಉಳಿಯುತ್ತಿದ್ದಳೋ ಇಲ್ಲವೋ, ಆ ಸಂಕಟ ಮಾತ್ರ ನನ್ನನ್ನು ಬಿಟ್ಟಿಲ್ಲ.

ಕೊನೆಯ ವಾರ ಅವಳನ್ನು ಮನೆಗೇ ಕರೆತಂದೆವು. ಎರಡು ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ನೋಡಲು ಬಂದ ಪಕ್ಕದ ಮನೆಯವಳು, "ಈ ಮನಿಯಾಗೇ ಏನೋ ದೋಷ ಅದ ಬಿಡ್ರಿ" ಎಂದಳು. ಅಕ್ಕನಿಗೆ ಎಲ್ಲಿತ್ತೋ ಸಿಟ್ಟು, ತಲೆ ಎತ್ತಿ ನನ್ನ ಕಡೆ ಕೈ ತೋರಿಸಿದಳು.

"ನನ್ನ ತಮ್ಮ... ಅಳದು ನೋಡ್ಯಾನ. ಇಂಥಾ ಗಾಳಿ ಇರೋ ಮನಿ... ಸುತ್ತ ಎಲ್ಲೂ ಇಲ್ಲ. ಹೌದಿಲ್ಲೋ?"

ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದಕ್ಕ" ಎಂದೆ.