ಪ್ರೊಫೆಸರ್ ಬಿಲಾಶ್ ಕಾದು ನಿಂತ ಆ ಹೊತ್ತು

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಉತ್ತರದಲ್ಲಿ ಜೌಗು ನೆಲದ ಮೇಲೆ ರಸ್ತೆ ಹಾಕುವ ಯಾವ ಎಂಜಿನಿಯರೂ ಪ್ರೊಫೆಸರ್ ಓರೆಸ್ಟ್ ಬಿಲಾಶ್ ಅವರ ನೆಲಕುಸಿತದ ಕೋಷ್ಟಕಗಳನ್ನು ತೆರೆಯದೆ ಕೆಲಸ ಶುರು ಮಾಡುವುದಿಲ್ಲ. ಮಣ್ಣಿನ ಶಾಸ್ತ್ರದಲ್ಲಿ ಅವರ ಸ್ಥಾನ ಯಾವುದೆಂದು ಹೇಳಲು ಇಷ್ಟು ಸಾಕು. ಅವರ ಪದವಿ, ಪ್ರಶಸ್ತಿಗಳ ಬಗ್ಗೆ ಈ ಅಭಿನಂದನಾ ಸಂಪುಟದಲ್ಲಿ ಹಿರಿಯರು ಬರೆದಿದ್ದಾರೆ. ಅವರ ವಿದ್ಯಾರ್ಥಿಯಾಗಿದ್ದು, ಈಗ ಅದೇ ವಿಭಾಗದಲ್ಲಿ ಪಾಠ ಮಾಡುವ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನಷ್ಟೇ ಬರೆಯುತ್ತೇನೆ. ನನಗೆ ಹೊಗಳಲು ಬರುವುದಿಲ್ಲ. ಬೆರಗಾಗಿದ್ದನ್ನು ಮುಚ್ಚಿಡಲೂ ಬರುವುದಿಲ್ಲ.

ಪಾಠಗಳನ್ನು ರೆಕಾರ್ಡ್ ಮಾಡಲು ವಿಶ್ವವಿದ್ಯಾಲಯವು ತರಗತಿಗಳಿಗೆ ಕ್ಯಾಮೆರಾ ಹಾಕಿಸಿದಾಗ ಹೆಚ್ಚಿನ ಅಧ್ಯಾಪಕರು ಸಿಡಿಮಿಡಿಗೊಂಡರು. ಹುಡುಗರು ಹಾಸಿಗೆಯಲ್ಲೇ ಮಲಗಿ ಪಾಠ ನೋಡುತ್ತಾರೆ, ಬೆಂಚುಗಳು ಖಾಲಿ ಬೀಳುತ್ತವೆ ಎಂಬುದು ಅವರ ವಾದ. ಹಿಮಗಾಳಿಗೆ ಬಸ್ಸು ನಿಂತು ಬರಲಾಗದವರಿಗೂ ಪಾಠ ಸಿಗಲಿ ಎಂದು ಮೊದಲು ಒಪ್ಪಿದವರು ಬಿಲಾಶ್. ಯಾರೂ ಮಾತನಾಡದ ಹೊತ್ತನ್ನು ತಾನಾಗಿಯೇ ಕತ್ತರಿಸಿ ಪಾಠವನ್ನು ಚಿಕ್ಕದಾಗಿಸುವ ಸೌಲಭ್ಯವೂ ಆ ವ್ಯವಸ್ಥೆಯಲ್ಲಿತ್ತು. ಬಿರುಸಿನ ಮಾತುಗಾರರಾದ ಬಿಲಾಶರಿಗೆ ಅದು ತಮಾಷೆಯ ವಿಷಯ. “ನನ್ನ ಪಾಠದಲ್ಲಿ ಕತ್ತರಿಸೋಕೆ ಅದಕ್ಕೆ ಏನೂ ಸಿಗಲ್ಲ, ಪಾಪ, ಉಪವಾಸ ಬೀಳುತ್ತೆ” ಎನ್ನುತ್ತಿದ್ದರು.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಡಾರ್ಲಾ ಹಾಲ್ಕೆಟ್, ಉತ್ತರದ ಲಾ ರಾಂಜ್ ಊರಿನ ಕಡೆಯ, ಕ್ರೀ ಎಂಬ ಮೂಲನಿವಾಸಿ ಜನಾಂಗದ ಹುಡುಗಿ. ನಡುವೆ ನಿಲ್ಲಿಸಿ, ಯೋಚಿಸಿ, ಮುಂದುವರಿಸುವುದು ಅವಳ ಮನೆಯವರು ಮಾತನಾಡುವ ರೀತಿ. ತರಗತಿಯಲ್ಲಿ ಅವಳು ಅರ್ಧ ಪ್ರಶ್ನೆ ಕೇಳಿ ನಿಲ್ಲಿಸುವಷ್ಟರಲ್ಲಿ ಬಿಲಾಶ್ ಉತ್ತರ ಶುರು ಮಾಡಿಬಿಡುತ್ತಿದ್ದರು. ಅದು ಅವಳು ಕೇಳದ ಪ್ರಶ್ನೆಗೆ ಉತ್ತರವಾಗಿರುತ್ತಿತ್ತು. ವಾರಗಟ್ಟಲೆ ಹೀಗೇ ನಡೆಯಿತು. ಫೆಬ್ರವರಿಯ ಒಂದು ದಿನ ಅವಳು ಓದು ಬಿಡುವುದಾಗಿ ನನಗೆ ಹೇಳಿದಳು. “ಸಾಕು ಕಣೋ. ಶುಕ್ರವಾರದ ಬಸ್ಸಿಗೆ ಊರಿಗೆ ಹೋಗ್ತೀನಿ. ಅಲ್ಲಿ ನಮ್ಮಪ್ಪನ ನಾಯಿಗಳಾದ್ರೂ ನನ್ನ ಮಾತು ಮುಗಿಯೋವರೆಗೂ ಕಾಯ್ತವೆ.”

ಅದೇ ವಾರ ಬಿಲಾಶ್ ತಮ್ಮದೊಂದು ಪಾಠವನ್ನು ತೆರೆದು ನೋಡಿದರು. ಡಾರ್ಲಾಳ ಪ್ರಶ್ನೆ ನಡುವೆಯೇ ತುಂಡಾಗಿತ್ತು. ಯಂತ್ರ ಕೆಟ್ಟಿದೆ ಎಂದು ತಾಂತ್ರಿಕ ಕಚೇರಿಗೆ ಹೋಗಿ ಜಗಳವಾಡಿ, ಕತ್ತರಿಸದ ಮೂಲ ಪ್ರತಿಯನ್ನು ತರಿಸಿದರು. ಅದರಲ್ಲೂ ಪ್ರಶ್ನೆ ಅಲ್ಲೇ ತುಂಡಾಗಿತ್ತು. ಯಂತ್ರ ಏನನ್ನೂ ಮುಟ್ಟಿರಲಿಲ್ಲ. ಆಮೇಲೆ ಅವರು ಆ ಸೆಮಿಸ್ಟರಿನ ಪಾಠಗಳನ್ನೆಲ್ಲ ಕೂತು ನೋಡಿದರಂತೆ.

ಶುಕ್ರವಾರ ಡಾರ್ಲಾ ಊರಿಗೆ ಹೊರಡುವ ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡೇ ತರಗತಿಯಲ್ಲಿ ಕೂತಿದ್ದಳು. ಬಿಲಾಶ್ ಪಾಠ ಶುರು ಮಾಡಲಿಲ್ಲ.

“ಯಂತ್ರದ ಮೇಲೆ ದೂರು ಕೊಡೋಕೆ ಹೋಗಿದ್ದೆ. ನೋಡಿದ್ರೆ ಕತ್ತರಿ ನನ್ನ ಬಾಯಲ್ಲೇ ಇದೆ. ಡಾರ್ಲಾ, ನಿನ್ನ ಪ್ರಶ್ನೆ ನಾನಿನ್ನೂ ಕೇಳಿಸಿಕೊಂಡೇ ಇಲ್ಲ. ಮನಸ್ಸಿದ್ರೆ ಈಗ ಹೇಳು.”

ಅವಳು ತಕ್ಷಣ ಬಾಯಿ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬಿಲಾಶ್ ಎರಡೂ ಕೈಗಳನ್ನು ಜೇಬಿಗೆ ತುರುಕಿ ನಿಂತೇ ಇದ್ದರು.

“ಡಾಕ್ಟರ್ ಬಿ, ಪುಸ್ತಕದ ಲೆಕ್ಕದಲ್ಲಿ ನೆಲ ಕುಸಿಯೋದು ಒಂದು ದಿನ ನಿಲ್ಲುತ್ತೆ,” ಎಂದಳು. ಮತ್ತೆ ನಿಲ್ಲಿಸಿದಳು. ಅವರು ಕಾದರು. “ನಮ್ಮೂರ ರಸ್ತೆ ನಮ್ಮಜ್ಜಿ ಕಾಲದಿಂದ ಕುಸೀತಾನೇ ಇದೆ. ಅದು ಯಾವಾಗ ನಿಲ್ಲುತ್ತೆ?”

“ನನಗೆ ಗೊತ್ತಿಲ್ಲ,” ಎಂದರು ಬಿಲಾಶ್.

ಡಾರ್ಲಾ ಆ ಬಸ್ಸಿಗೆ ಹೋಗಲಿಲ್ಲ. ಬೇಸಿಗೆಯಲ್ಲಿ ಇಬ್ಬರೂ ಲಾ ರಾಂಜ್‌ಗೆ ಹೋಗಿ ಆ ರಸ್ತೆಯ ಮಣ್ಣು ಅಗೆದು ಪರೀಕ್ಷಿಸಿದರು. ಮೊದಲಿಗೇ ಹೇಳಿದ ಕೋಷ್ಟಕಗಳು ಹುಟ್ಟಿದ್ದು ಅಲ್ಲಿ. ಅವುಗಳ ಮೇಲೆ ಇಬ್ಬರ ಹೆಸರೂ ಇದೆ. ಮೌನವನ್ನು ಕತ್ತರಿಸುವ ಸೌಲಭ್ಯವನ್ನು ವಿಶ್ವವಿದ್ಯಾಲಯದಾದ್ಯಂತ ನಿಲ್ಲಿಸಲು ಬಿಲಾಶ್ ಸಮಿತಿಯಿಂದ ಸಮಿತಿಗೆ ಅಲೆದು, ಕೊನೆಗೂ ಗೆದ್ದರು. ಐವತ್ತೈದು ದಾಟಿದ ಹೆಸರಾಂತ ವಿದ್ವಾಂಸರೊಬ್ಬರು ತಮ್ಮ ನಾಲಿಗೆಯನ್ನು ಹೀಗೆ ಪಳಗಿಸಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ರಸ್ತೆ ಈಗಲೂ ಅಷ್ಟಿಷ್ಟು ಕುಸಿಯುತ್ತಿದೆ. ಅದು ನಿಲ್ಲುವುದನ್ನು ನೋಡುವಷ್ಟು ಆಯುಸ್ಸು, ಅಲ್ಲಿಯವರೆಗೆ ಅಗೆಯುವಷ್ಟು ಶಕ್ತಿ ಅವರಿಗಿರಲಿ. ಹೊಸದಾಗಿ ಬರುವ ಅಧ್ಯಾಪಕರಿಗೆ ನಾನು ಆ ಶುಕ್ರವಾರದ ಪಾಠದ ಕತ್ತರಿಸದ ಮೂಲ ರೆಕಾರ್ಡಿಂಗ್ ತೋರಿಸುತ್ತೇನೆ. ನಡುವೆ ಚಿತ್ರ ನಿಂತುಹೋಗಿದೆಯೆಂದು ಅವರು ಕಂಪ್ಯೂಟರಿನತ್ತ ಕೈ ಚಾಚುತ್ತಾರೆ. ಮುಟ್ಟಬೇಡಿ ಎನ್ನುತ್ತೇನೆ, ಪ್ರೊಫೆಸರ್ ಬಿಲಾಶ್ ಕಾಯುತ್ತಿದ್ದಾರೆ.